ಪ್ರಾಥಮಿಕ ಶಾಲಾ ಮಕ್ಕಳನ್ನು ಪ್ರಮಾಣೀಕೃತ ಪರೀಕ್ಷೆಗಳಿಗೆ ಸಿದ್ಧಗೊಳಿಸುವುದು: ಜಿಗಣಿ ಭಾಗದ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ

ಜಿಗಣಿ, ಹೆನ್ನಾಗರ, ಬೊಮ್ಮಸಂದ್ರದ ಕಡೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ಕೈಗೆ ವರ್ಷದ ಎರಡನೆಯ ಅವಧಿಯಲ್ಲಿ ಮೊದಲು ಬರುವುದು ಪಾಠದ ಘಟಕವಲ್ಲ, ಒಂದು ಕಟ್ಟು ಮಾದರಿ ಪ್ರಶ್ನೆಪತ್ರಿಕೆ. “ಐದನೇ ಕ್ಲಾಸಿಗೆ ಇದನ್ನ ಮಾಡಿಸಿಬಿಡಿ ಮಿಸ್, ನೀವು ಹೊಸಬರು, ಉತ್ಸಾಹ ಇರುತ್ತೆ” ಎಂದು ತರಗತಿ ಶಿಕ್ಷಕರು ಹೇಳುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಅವರ ಮೇಲೆ ಮುಖ್ಯಶಿಕ್ಷಕರ, ಮುಖ್ಯಶಿಕ್ಷಕರ ಮೇಲೆ ಸಿ.ಆರ್.ಪಿ.ಯವರ, ಅವರ ಮೇಲೆ ಬಿ.ಇ.ಒ. ಕಚೇರಿಯ ಒತ್ತಡ ಇರುತ್ತದೆ. ಆದರೆ ಆ ಕಟ್ಟನ್ನು ಹಿಡಿದು ತರಗತಿಯೊಳಗೆ ಕಾಲಿಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದು ಯಾವ ಪರೀಕ್ಷೆಗೆ? ಅದರ ಫಲ ಯಾರಿಗೆ ತಾಗುತ್ತದೆ?

ಪ್ರಶ್ನೆ ಮುಖ್ಯವಾಗಲು ಕಾರಣ, ನಾವು ‘ಪರೀಕ್ಷೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಕರೆಯುತ್ತಿದ್ದೇವೆ.

ಒಂದು, ಸಮೀಕ್ಷೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ 3, 5 ಮತ್ತು 8ನೆಯ ತರಗತಿಗಳಿಗೆ, 2021ರ ನವೆಂಬರ್ 12ರಂದು ಇವುಗಳ ಜೊತೆಗೆ 10ನೆಯ ತರಗತಿಗೂ ನಡೆಯಿತು. ಅದರ ಮುಂದಿನ ರೂಪವಾದ ‘ಪರಖ್ ರಾಷ್ಟ್ರೀಯ ಸರ್ವೇಕ್ಷಣ್’ 2024ರ ಡಿಸೆಂಬರ್ 4ರಂದು 3, 6 ಮತ್ತು 9ನೆಯ ತರಗತಿಗಳಿಗೆ ನಡೆಯಿತು; ದೇಶದ 74 ಸಾವಿರಕ್ಕೂ ಹೆಚ್ಚು ಶಾಲೆಗಳ 21 ಲಕ್ಷಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಇಲ್ಲಿ ಶಾಲೆಗಳನ್ನು ಮಾದರಿಯಾಗಿ ಆರಿಸುತ್ತಾರೆ, ವರದಿ ಜಿಲ್ಲೆಯ ಹೆಸರಿನಲ್ಲಿ ಬರುತ್ತದೆ. ಮಗುವಿಗೆ ಅಂಕಪಟ್ಟಿಯಿಲ್ಲ, ಲಾಭವಿಲ್ಲ, ನಷ್ಟವೂ ಇಲ್ಲ. ಇಂಥ ಸಮೀಕ್ಷೆಗೆಂದು ತಿಂಗಳುಗಟ್ಟಲೆ ಗಿಣಿಪಾಠ ಮಾಡಿಸುವುದು ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ಜ್ವರ ಇಳಿಯಿತು ಎಂದಂತೆ. ಪ್ರಶ್ನೆಯ ರೂಪ ಮಗುವಿಗೆ ಹೊಸದಾಗದಂತೆ ಎರಡು ಮೂರು ಅವಧಿ ಪರಿಚಯ ಮಾಡಿಸಿದರೆ ಸಾಕು.

ಎರಡು, ಆಯ್ಕೆ ಪರೀಕ್ಷೆ. ಐದನೆಯ ತರಗತಿಯ ಮಗು ಆರನೆಯ ತರಗತಿಗೆ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ಅಥವಾ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ ಸೇರಲು ಬರೆಯುವ ಪರೀಕ್ಷೆಗಳು ಈ ಬಗೆಯವು. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಇದೆ, ಆಯ್ಕೆಯಾದ ಮಗುವಿಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಇಲ್ಲಿ ಪಣಕ್ಕಿರುವುದು ಮಗುವಿನ ಬದುಕೇ. ಒಂದೇ ಕೋಣೆಯ ಶೆಡ್ಡಿನಲ್ಲಿ ಐದು ಜನ ಮಲಗುವ ಮನೆಯ ಮಗುವಿಗೆ ವಸತಿ ಶಾಲೆಯ ಒಂದು ಸೀಟು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಗಂಭೀರ ತಯಾರಿ ಮಾಡಿಸುವುದರಲ್ಲಿ ತಪ್ಪೇನೂ ಇಲ್ಲ; ಮಾಡಿಸದಿರುವುದೇ ತಪ್ಪು. ಟ್ಯೂಷನ್ನಿಗೆ ದುಡ್ಡು ಕೊಡಬಲ್ಲವರ ಮಕ್ಕಳು ಹೇಗೂ ತಯಾರಾಗುತ್ತಾರೆ.

ಮೂರು, ಇವೆರಡರ ನಡುವೆ ತೂಗುವ 5 ಮತ್ತು 8ನೆಯ ತರಗತಿಗಳ ಮೌಲ್ಯಾಂಕನ. ಇದರ ಕಥೆಯನ್ನು ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕು, ಪೋಷಕರು ಕೇಳುವುದು ಇದನ್ನೇ. ಶಿಕ್ಷಣ ಹಕ್ಕು ಕಾಯ್ದೆಯ 30ನೆಯ ಪ್ರಕರಣದಂತೆ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಳಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಕಡ್ಡಾಯವಿಲ್ಲ; 29ನೆಯ ಪ್ರಕರಣ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುತ್ತದೆ. 2022-23ರಲ್ಲಿ ರಾಜ್ಯ ಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ಬಂದಾಗ ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ ಅದನ್ನು ರದ್ದುಪಡಿಸಿತು, 15ರಂದು ವಿಭಾಗೀಯ ಪೀಠ ನಡೆಸಲು ಅವಕಾಶ ಕೊಟ್ಟಿತು, 27ರಿಂದ ಮಕ್ಕಳು ಬರೆದರು. ಮರುವರ್ಷ ಇನ್ನೂ ಗೊಂದಲ. 2024ರ ಮಾರ್ಚ್ 6ರಂದು ಮತ್ತೆ ರದ್ದು, ಮರುದಿನ ಆ ಆದೇಶಕ್ಕೆ ತಡೆ, 11ರಂದು ಪರೀಕ್ಷೆ ಆರಂಭ, 12ರಂದು ಸುಪ್ರೀಂ ಕೋರ್ಟಿನ ಮಧ್ಯಪ್ರವೇಶ. ಕೆಲವು ಪತ್ರಿಕೆ ಬರೆದ ಮಕ್ಕಳು ಉಳಿದವಕ್ಕೆ ಕಾದು ಕೂತರು. 22ರಂದು ವಿಭಾಗೀಯ ಪೀಠ ಒಪ್ಪಿದ ಮೇಲೆ 25ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ಇಷ್ಟು ಸಲ ‘ನಾಳೆ ಇದೆ, ನಾಳೆ ಇಲ್ಲ’ ಎಂದು ಎಬ್ಬಿಸಿ ಕೂರಿಸಿದ್ದು ಯಾವ ಮೌಲ್ಯಮಾಪನ ಗ್ರಂಥದಲ್ಲಿಯೂ ಇರಲಾರದು.

ಇದರಿಂದ ಬೋಧನಾಭ್ಯಾಸಕ್ಕೆ ಒಂದು ನೇರ ಪಾಠವಿದೆ. ಪರೀಕ್ಷೆ ನಡೆಯದೇ ಹೋದರೂ ವ್ಯರ್ಥವಾಗದ ತಯಾರಿ ಮಾತ್ರ ತಯಾರಿ. ಕೆಳಗೆ ಹೇಳುವುದೆಲ್ಲ ಈ ಅಳತೆಗೆ ಒಳಪಟ್ಟದ್ದು.

ಪ್ರಶ್ನೆಯ ಭಾಷೆ

ಜಿಗಣಿ ಕೈಗಾರಿಕಾ ಪ್ರದೇಶದ ಗ್ರಾನೈಟ್ ಘಟಕ, ಗಾರ್ಮೆಂಟ್ಸ್, ಬಿಡಿಭಾಗ ತಯಾರಿಕೆಯ ಶೆಡ್ಡುಗಳಿಗೆ ಉತ್ತರ ಕರ್ನಾಟಕದಿಂದ, ತಮಿಳುನಾಡು, ಆಂಧ್ರ, ಒಡಿಶಾ, ಬಿಹಾರದಿಂದ ಜನ ಬಂದಿದ್ದಾರೆ. ಆನೇಕಲ್ ತಾಲ್ಲೂಕಿನ ಹಳೆಯ ಊರುಗಳಲ್ಲಿಯೂ ಮನೆಯಲ್ಲಿ ತೆಲುಗೋ ತಮಿಳೋ ಆಡಿ ಶಾಲೆಯಲ್ಲಿ ಕನ್ನಡ ಓದುವುದು ಹೊಸತಲ್ಲ. ಹೀಗಾಗಿ ಒಂದೇ ತರಗತಿಯಲ್ಲಿ ನಾಲ್ಕೈದು ಮನೆಮಾತುಗಳಿರುತ್ತವೆ. ಮಕ್ಕಳು ಆಟದ ಬಯಲಿನ ಕನ್ನಡವನ್ನು ಆರು ತಿಂಗಳಲ್ಲಿ ಹಿಡಿದುಬಿಡುತ್ತಾರೆ. ಅದನ್ನು ಕೇಳಿ ನಾವು ‘ಇವನಿಗೆ ಕನ್ನಡ ಬರುತ್ತದೆ’ ಎಂದುಕೊಳ್ಳುತ್ತೇವೆ. ಪ್ರಶ್ನೆಪತ್ರಿಕೆಯ ಕನ್ನಡ ಬೇರೆಯದೇ.

ತರಗತಿಯಲ್ಲಿ ನಾವು ‘ಕಳೆಯಿರಿ’ ಎನ್ನುತ್ತೇವೆ, ಪತ್ರಿಕೆಯಲ್ಲಿ ‘ವ್ಯತ್ಯಾಸ ಕಂಡುಹಿಡಿಯಿರಿ’ ಎಂದಿರುತ್ತದೆ. ನಾವು ‘ಎಷ್ಟು ಉಳೀತು?’ ಎನ್ನುತ್ತೇವೆ, ಅಲ್ಲಿ ‘ಶೇಷ’. ನಾವು ‘ಚಿಕ್ಕದರಿಂದ ದೊಡ್ಡದಕ್ಕೆ ಬರಿ’ ಎನ್ನುತ್ತೇವೆ, ಅಲ್ಲಿ ‘ಏರಿಕೆ ಕ್ರಮ’. ‘ಕೆಳಗಿನವುಗಳಲ್ಲಿ ಗುಂಪಿಗೆ ಸೇರದ ಪದ’, ‘ಇವುಗಳಲ್ಲಿ ಸರಿಯಲ್ಲದ ಹೇಳಿಕೆ’ ಎಂಬ ಎರಡು ವಾಕ್ಯಗಳು ಬೀಳಿಸುವಷ್ಟು ಮಕ್ಕಳನ್ನು ಕಠಿಣ ಲೆಕ್ಕಗಳು ಬೀಳಿಸುವುದಿಲ್ಲ. ಸರಿಯಾದದ್ದನ್ನು ಕಂಡ ಕೂಡಲೇ ಮಗು ಗುರುತು ಹಾಕುತ್ತದೆ. ‘ಅಲ್ಲದ’ ಎಂಬ ಪದ ಅದರ ಕಣ್ಣಿಗೇ ಬಿದ್ದಿರುವುದಿಲ್ಲ. ಮಾಪನ ಪತ್ರಿಕೆಯಲ್ಲಿ ನೀವು ಓದಿದ ಸಿಂಧುತ್ವದ ಪರಿಕಲ್ಪನೆಯನ್ನು ಇಲ್ಲಿ ನೆನಪಿಸಿಕೊಳ್ಳಿ. ಲೆಕ್ಕ ಗೊತ್ತಿದ್ದ ಮಗು ಪದ ಗೊತ್ತಿಲ್ಲದೆ ಸೋತರೆ ಆ ಪ್ರಶ್ನೆ ಅಳೆದದ್ದು ಗಣಿತವನ್ನಲ್ಲ.

ಮನೆಮಾತು ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಕೈಹಿಡಿಯುತ್ತದೆ ಎಂಬುದನ್ನೂ ಗಮನಿಸಬೇಕು. ‘ಅವಸರದಿಂದ ರಸ್ತೆ ದಾಟಬಾರದು, ಏಕೆ?’ ಎಂಬ ಪ್ರಶ್ನೆಯನ್ನು ತಮಿಳಿನ ಮಗು ಸರಿಯಾಗಿಯೇ ಓದಿಕೊಳ್ಳುತ್ತದೆ. ತೆಲುಗಿನ ಮಗುವಿಗೆ ‘ಅವಸರ’ ಎಂದರೆ ಅಗತ್ಯ, ಹಿಂದಿಯ ಮಗುವಿಗೆ ಅವಕಾಶ. ‘ಶಿಕ್ಷೆ’ ಹಿಂದಿಯಲ್ಲಿ ಶಿಕ್ಷಣ, ‘ಸಂಸಾರ’ ಎಂದರೆ ಪ್ರಪಂಚ. ಇನ್ನೊಂದು ಕಡೆ ಶೇಷ, ಕೋನ, ತ್ರಿಭುಜ ಮುಂತಾದ ಪದಗಳು ಹಿಂದಿ ಬಲ್ಲ ಮಗುವಿಗೆ ನಮ್ಮ ಊರಿನ ಮಗುವಿಗಿಂತ ಹತ್ತಿರ. ಆ ಮಗುವನ್ನೇ ಎದ್ದು ನಿಂತು ಹೇಳಲು ಕರೆಯಿರಿ. ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿದ್ದವನಿಗೆ ಆ ದಿನ ಮುಂದೆ ಬರುವ ಕಾರಣ ಸಿಗುತ್ತದೆ. ಸಂಖ್ಯೆಗಳಲ್ಲಿಯೂ ಹೀಗೆಯೇ: ಕನ್ನಡದ ‘ಇಪ್ಪತ್ತೈದು’ ಹತ್ತರಿಂದ ಬಿಡಿಗೆ ಹೋಗುತ್ತದೆ, ಹಿಂದಿಯ ‘ಪಚ್ಚೀಸ್’ನಲ್ಲಿ ಐದು ಮೊದಲು. ಉಕ್ತಲೇಖನದಲ್ಲಿ 25ನ್ನು 52 ಎಂದು ಬರೆಯುವ ಮಗುವಿಗೆ ಸ್ಥಾನಬೆಲೆ ಗೊತ್ತಿಲ್ಲ ಎಂದು ತೀರ್ಮಾನಿಸುವ ಮೊದಲು ಅದರ ಮನೆಮಾತು ಯಾವುದೆಂದು ಕೇಳಿ.

ಮಾಡಬೇಕಾದ ಕೆಲಸ ಸಣ್ಣದು. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ. ಎಡಕ್ಕೆ ತರಗತಿಯ ಮಾತು, ಬಲಕ್ಕೆ ಪತ್ರಿಕೆಯ ಮಾತು. ದಿನಕ್ಕೆ ಎರಡು ಜೋಡಿ ಸೇರಿಸುತ್ತ ಹೋಗಿ. ಪಾಠ ಮಾಡುವಾಗಲೂ ‘ಕಳೆಯಿರಿ, ಅಂದರೆ ವ್ಯತ್ಯಾಸ ಕಂಡುಹಿಡಿಯಿರಿ’ ಎಂದು ಎರಡನ್ನೂ ಬೆಸೆದೇ ಹೇಳಿ. ಇದಕ್ಕೆ ಪ್ರತ್ಯೇಕ ಅವಧಿ ಬೇಡ.

ತಪ್ಪು ಆಯ್ಕೆಗಳನ್ನು ಓದುವುದು

ಮಾದರಿ ಪತ್ರಿಕೆ ಮಾಡಿಸುವುದೆಂದರೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: ಶಿಕ್ಷಕರು ಪ್ರಶ್ನೆ ಓದುತ್ತಾರೆ, ಇಬ್ಬರು ಚುರುಕು ಮಕ್ಕಳು ‘ಬಿ’ ಎಂದು ಕೂಗುತ್ತಾರೆ, ಉಳಿದವರು ‘ಬಿ’ ಎಂದು ಬರೆದುಕೊಳ್ಳುತ್ತಾರೆ. ನಲವತ್ತು ನಿಮಿಷದಲ್ಲಿ ಮೂವತ್ತು ಪ್ರಶ್ನೆ ಮುಗಿಯುತ್ತದೆ. ಇದಕ್ಕಿಂತ ನಾಲ್ಕೇ ಪ್ರಶ್ನೆಗಳನ್ನು ತೆಗೆದುಕೊಂಡು ಬಿಚ್ಚಿ ನೋಡುವುದು ಲೇಸು.

ಒಂದು ಉದಾಹರಣೆ: 403 – 158. ಆಯ್ಕೆಗಳು 355, 255, 345, 245. ಸರಿಯುತ್ತರ 245. ಉಳಿದ ಮೂರು ಸುಮ್ಮನೆ ಹಾಕಿದ ಸಂಖ್ಯೆಗಳಲ್ಲ. 355 ಬರೆದ ಮಗು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಿಂದ 3, 5ರಿಂದ 0, 4ರಿಂದ 1. ಅದಕ್ಕೆ ದಶಕ ತರುವ ಕಲ್ಪನೆಯೇ ಇನ್ನೂ ಬಂದಿಲ್ಲ. 255 ಬರೆದ ಮಗುವಿಗೆ ಬಂದಿದೆ, ಆದರೆ ಸೊನ್ನೆಯ ಮೇಲೆ ಹತ್ತು ತಂದು, ಅದರಿಂದ ಬಿಡಿಸ್ಥಾನಕ್ಕೆ ಒಂದು ಕೊಟ್ಟದ್ದನ್ನು ಮರೆತಿದೆ. 345 ಬರೆದ ಮಗು ಹತ್ತರ ಸ್ಥಾನವನ್ನು ಸರಿಯಾಗಿ ಮಾಡಿ, ನೂರರ ಸ್ಥಾನದ 4ನ್ನು 3 ಮಾಡಿಲ್ಲ. ಮೂರು ತಪ್ಪಿಗೆ ಮೂರು ಬೇರೆ ಪರಿಹಾರ ಬೋಧನೆ ಬೇಕು. ಮೊದಲನೆಯದಕ್ಕೆ ಕಡ್ಡಿಕಟ್ಟು ಹಿಡಿದು ಬುಡದಿಂದ ಆರಂಭಿಸಬೇಕು. ಉಳಿದ ಎರಡಕ್ಕೆ ಸೊನ್ನೆ ಇರುವ ನಾಲ್ಕೈದು ಲೆಕ್ಕ, ಪಕ್ಕದಲ್ಲಿ ಗೀಟು ಹೊಡೆದು ಹೊಸ ಅಂಕಿ ಬರೆಯುವ ರೂಢಿ ಸಾಕು.

ತರಗತಿಯಲ್ಲಿ ಇದನ್ನು ಹೀಗೆ ಕೇಳಿ: “355 ಅಂತ ಬರೆದ ಮಗು ಏನು ಮಾಡಿರಬಹುದು?” ‘ಯಾರು ತಪ್ಪು ಮಾಡಿದ್ದೀರಿ’ ಎಂದು ಕೇಳಬೇಡಿ. ಎಲ್ಲಿಯೋ ಇರುವ ಒಂದು ಮಗುವಿನ ತಪ್ಪನ್ನು ಹುಡುಕುವುದು ಮಕ್ಕಳಿಗೆ ಪತ್ತೇದಾರಿ ಆಟವಾಗುತ್ತದೆ, ತಮ್ಮ ತಪ್ಪನ್ನು ಅವರು ತಾವೇ ಅದರಲ್ಲಿ ಕಂಡುಕೊಳ್ಳುತ್ತಾರೆ. ಅವಧಿಯ ಕೊನೆಗೆ ಯಾವ ಆಯ್ಕೆಯನ್ನು ಎಷ್ಟು ಮಕ್ಕಳು ಆರಿಸಿದರು ಎಂದು ಎಣಿಸಿ ಪಾಠಯೋಜನೆಯ ಹಿಂಬದಿ ಬರೆದಿಡಿ. ಮೂವತ್ತು ಮಕ್ಕಳಲ್ಲಿ ಹನ್ನೆರಡು ಮಂದಿ 355 ಎಂದಿದ್ದರೆ ಮರುದಿನ ಹೊಸ ಮಾದರಿ ಪತ್ರಿಕೆಯ ಮಾತೇ ಇಲ್ಲ. ನೈದಾನಿಕ ಪರೀಕ್ಷೆ ಎಂದು ನಾವು ಥಿಯರಿಯಲ್ಲಿ ಓದುವುದು ಇದನ್ನೇ, ಮೂರು ಕಾಲಂ ಮಾರ್ಜಿನ್ನಿನ ದಾಖಲೆ ಪುಸ್ತಕ ಅದಕ್ಕೆ ಅನಿವಾರ್ಯವಲ್ಲ.

ಈ ಬುಡದ ಕೆಲಸ ಎಷ್ಟು ಬಾಕಿ ಇದೆ ಎಂಬುದನ್ನು ಪರಖ್ ವರದಿಯೇ ಹೇಳುತ್ತದೆ. ದೇಶದಲ್ಲಿ 3ನೆಯ ತರಗತಿಯ ಮಕ್ಕಳಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ, ಇಳಿಕೆ ಕ್ರಮದಲ್ಲಿ ಬರೆಯಬಲ್ಲವರು ಶೇ. 55, 6ನೆಯ ತರಗತಿಯಲ್ಲಿ 10ರವರೆಗಿನ ಮಗ್ಗಿಯನ್ನು ಬಲ್ಲವರು, ಬಳಸಬಲ್ಲವರು ಶೇ. 53. ಮಗ್ಗಿ ಬಾರದ ಮಗುವಿಗೆ ಓ.ಎಂ.ಆರ್. ತಂತ್ರ ಹೇಳಿಕೊಟ್ಟು ಏನು ಪ್ರಯೋಜನ?

ಊರೇ ಕೊಡುವ ಲೆಕ್ಕಗಳು

ಸುತ್ತಳತೆ ಮತ್ತು ವಿಸ್ತೀರ್ಣ ಐದನೆಯ ತರಗತಿಯ ಮಕ್ಕಳು ಸದಾ ಅದಲುಬದಲು ಮಾಡುವ ಜೋಡಿ. ಸೂತ್ರ ಬಾಯಿಪಾಠ ಬರುತ್ತದೆ, ಯಾವುದು ಎಲ್ಲಿ ಎಂಬುದು ಬರುವುದಿಲ್ಲ. ಜಿಗಣಿಯಲ್ಲಿ ಇದಕ್ಕೆ ಹೊರಗಿನ ಬೋಧನೋಪಕರಣ ಬೇಡ. ಗ್ರಾನೈಟ್ ಹಲಗೆಯ ಮೇಲ್ಮೈ ಪಾಲಿಶ್ ಮಾಡಿದರೆ ಲೆಕ್ಕ ಚದರ ಅಡಿಗೆ. ಅಂಚು ಪಾಲಿಶ್ ಮಾಡಿದರೆ ರನ್ನಿಂಗ್ ಅಡಿಗೆ. 8 ಅಡಿ ಉದ್ದ 4 ಅಡಿ ಅಗಲದ ಹಲಗೆಯ ಮೇಲ್ಮೈ 32 ಚದರ ಅಡಿ, ನಾಲ್ಕೂ ಅಂಚು ಸುತ್ತಿದರೆ 24 ಅಡಿ. ಅಪ್ಪ ಘಟಕದಲ್ಲಿ ಕೆಲಸ ಮಾಡುವ ಮಗು ತರಗತಿಯಲ್ಲಿದ್ದರೆ ಈ ವ್ಯತ್ಯಾಸವನ್ನು ನಿಮಗಿಂತ ಚೆನ್ನಾಗಿ ಹೇಳೀತು. ಆಮೇಲೆ ಮಾತ್ರ ಪತ್ರಿಕೆಯ ರೂಪಕ್ಕೆ ಬನ್ನಿ: ‘12 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಆಯತದ ಸುತ್ತಳತೆ ಎಷ್ಟು? 17, 34, 60, 24.’ 60 ಎಂದವನು ಮೇಲ್ಮೈ ಪಾಲಿಶ್ ಮಾಡಿದ್ದಾನೆ. 17 ಎಂದವಳು ಎರಡೇ ಅಂಚು ಮುಗಿಸಿ ಊಟಕ್ಕೆ ಹೋಗಿದ್ದಾಳೆ! ಈ ತಮಾಷೆ ಒಮ್ಮೆ ತರಗತಿಯಲ್ಲಿ ನಿಂತರೆ ವರ್ಷವಿಡೀ ಉಳಿಯುತ್ತದೆ.

ಕಾಲದ ಲೆಕ್ಕವೂ ಹಾಗೆಯೇ. ‘ರಾತ್ರಿ 10ಕ್ಕೆ ಪಾಳಿಗೆ ಹೋದ ಅಮ್ಮ ಬೆಳಿಗ್ಗೆ 6ಕ್ಕೆ ಬಂದರೆ ಎಷ್ಟು ಗಂಟೆ ಕೆಲಸ?’ ಕಳೆದು 4 ಎನ್ನುವ, ಕೂಡಿ 16 ಎನ್ನುವ ಮಕ್ಕಳಿರುತ್ತಾರೆ. ಆದರೆ ರಾತ್ರಿ ಪಾಳಿಯ ಮನೆಯಿಂದ ಬಂದ ಮಗುವಿಗೆ 4 ಗಂಟೆ ಎಂಬುದು ಅಸಂಬದ್ಧವೆಂದು ತಕ್ಷಣ ಹೊಳೆಯುತ್ತದೆ. ಉತ್ತರ ಬದುಕಿಗೆ ಹೊಂದುತ್ತದೆಯೇ ಎಂದು ನೋಡುವ ಈ ಅಭ್ಯಾಸ ಯಾವ ಬಹು ಆಯ್ಕೆ ಪರೀಕ್ಷೆಯಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕೈ, ಕಣ್ಣು, ಗಡಿಯಾರ

ನಲಿ-ಕಲಿಯಲ್ಲಿ ತಟ್ಟೆಗಳ ಸುತ್ತ ಗುಂಪಾಗಿ ಕೂತು, ಮಾತಾಡುತ್ತ ಕಲಿತ ಮಗು ಒಂದೆರಡು ವರ್ಷದಲ್ಲಿ ಒಂಟಿಯಾಗಿ, ಮೌನವಾಗಿ ಎರಡು ಗಂಟೆ ಕೂರಬೇಕಾಗುತ್ತದೆ. ಇದು ಬುದ್ಧಿಯ ಪ್ರಶ್ನೆಯಲ್ಲ, ರೂಢಿಯದು. ಮೊದಲ ಮಾದರಿ ಪತ್ರಿಕೆಯನ್ನು ಸಮಯದ ಮಿತಿಯಿಲ್ಲದೆ ಮಾಡಿಸಿ, ಎರಡನೆಯದನ್ನು ಜೋಡಿಯಾಗಿ, ಮೂರನೆಯದನ್ನು ಒಬ್ಬೊಬ್ಬರೇ ಗಡಿಯಾರ ಇಟ್ಟುಕೊಂಡು. ಮೂರಕ್ಕಿಂತ ಹೆಚ್ಚು ಪೂರ್ಣ ಪತ್ರಿಕೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ; ನವೋದಯಕ್ಕೆ ಕೂರುವ ಮಕ್ಕಳು ಮಾತ್ರ ಇದಕ್ಕೆ ಹೊರತು.

ನವೋದಯದ ಪತ್ರಿಕೆಯಲ್ಲಿ ಎರಡು ಗಂಟೆಗೆ 80 ಪ್ರಶ್ನೆ, 100 ಅಂಕ: ಮಾನಸಿಕ ಸಾಮರ್ಥ್ಯ 40, ಅಂಕಗಣಿತ 20, ಭಾಷೆ 20. ಸರಾಸರಿ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಖಾಲಿ ಬಿಡುವುದೇ ನಷ್ಟ. ಗುರುತು ಹಾಕಬೇಕಾದದ್ದು ಬಾಲ್ ಪೆನ್ನಿನಲ್ಲಿ. ಐದನೆಯ ತರಗತಿಯವರೆಗೆ ಪೆನ್ಸಿಲ್ ಹಿಡಿದು ರಬ್ಬರಿನಿಂದ ಅಳಿಸಿಯೇ ಬರೆದ ಮಗುವಿಗೆ ಇದು ದೊಡ್ಡ ಬದಲಾವಣೆ, ತಿಂಗಳು ಮೊದಲೇ ಪೆನ್ನು ಕೊಡಿಸಿ. ಓ.ಎಂ.ಆರ್. ಹಾಳೆಯಲ್ಲಿ ಆಗುವ ಅತಿ ಕೆಟ್ಟ ಅನಾಹುತ ಸಾಲು ಜಾರುವುದು: 14ನೆಯ ಪ್ರಶ್ನೆ ಬಿಟ್ಟು 15ರ ಉತ್ತರವನ್ನು 14ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದಿನದೆಲ್ಲ ಕೆಟ್ಟಂತೆ. ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಪ್ರಶ್ನೆಯ ಸಂಖ್ಯೆಯನ್ನು ಮೆಲ್ಲಗೆ ಉಚ್ಚರಿಸುತ್ತ ತುಂಬುವುದನ್ನು ಕಲಿಸಿ. ಓ.ಎಂ.ಆರ್. ಹಾಳೆ ಕೊಳ್ಳಬೇಕಿಲ್ಲ, ಬಳೆಯಷ್ಟು ದೊಡ್ಡ ವೃತ್ತಗಳನ್ನು ಕರಿಹಲಗೆಯ ಮೇಲೆ ಬರೆದು ಆರಂಭಿಸಬಹುದು.

ಅರ್ಜಿಯ ವಿಷಯದಲ್ಲಿ ಒಂದು ಎಚ್ಚರ. ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಆ ಮೀಸಲಿಗೆ 3, 4 ಮತ್ತು 5ನೆಯ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಜಿಗಣಿ ಈಗ ಪುರಸಭೆ. ನೋಡಲು ಹಳ್ಳಿಯಂತಿರುವ ಶಾಲೆ ದಾಖಲೆಯಲ್ಲಿ ನಗರ ಪ್ರದೇಶದ್ದಾಗಿರಬಹುದು; ಒಂದು ಕಿಲೋಮೀಟರ್ ಆಚೆಯ ಶಾಲೆ ಗ್ರಾಮೀಣವಿರಬಹುದು. ನಡುವೆ ಶಾಲೆ ಬದಲಿಸಿದ ವಲಸೆ ಕುಟುಂಬದ ಮಗುವಿನ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಆಯಾ ವರ್ಷದ ಮಾಹಿತಿ ಪುಸ್ತಿಕೆ ನೋಡಿ, ಮುಖ್ಯಶಿಕ್ಷಕರನ್ನು ಕೇಳಿಯೇ ಕಾಲಂ ತುಂಬಿಸಿ. ಮೊರಾರ್ಜಿ ಮುಂತಾದ ಶಾಲೆಗಳಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಬೇರೆ ಜಿಲ್ಲೆಯಿಂದ ಬಂದವರಿಗೆ ಅದು ಊರಿಗೆ ಹೋಗಿ ತರುವ ಮಾತು. ಪರೀಕ್ಷೆಗೆ ಓದಿಸುವುದಕ್ಕಿಂತ ಮೊದಲು ತಂದೆತಾಯಿಗೆ ಹೇಳಬೇಕಾದದ್ದು ಇದನ್ನು.

ಪೋಷಕರಿಗೆ ಹೇಳುವುದು, ಶಾಲೆಯಲ್ಲಿ ಮಾಡದಿರುವುದು

“ಮಿಸ್, ನಮ್ ಹುಡುಗ ಫೇಲ್ ಆಗಿಬಿಡ್ತಾನಾ?” ಎಂದು ಪಾಳಿ ಮುಗಿಸಿ ಬಂದ ತಾಯಿ ಶಾಲೆಯ ಗೇಟಿನ ಬಳಿ ಕೇಳುತ್ತಾರೆ. ‘ನೋಡೋಣ’ ಎನ್ನಬೇಡಿ. ಅದು ಯಾವ ಪರೀಕ್ಷೆ, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮೂರು ವಾಕ್ಯದಲ್ಲಿ ಹೇಳಿ: “ಅಮ್ಮ, ಇದು ಮಕ್ಕಳು ಎಲ್ಲಿದ್ದಾರೆ ಅಂತ ನೋಡೋದಕ್ಕೆ. ಇವನಿಗೆ ಲೆಕ್ಕ ಬರುತ್ತೆ, ಓದೋದು ನಿಧಾನ. ದಿನಾ ರಾತ್ರಿ ಹತ್ತು ನಿಮಿಷ ನಿಮ್ಮ ಮುಂದೆ ಗಟ್ಟಿಯಾಗಿ ಓದಲಿ, ನಿಮಗೆ ಕನ್ನಡ ಓದಕ್ಕೆ ಬರದಿದ್ದರೂ ಪರವಾಗಿಲ್ಲ, ಕೇಳಿಸಿಕೊಳ್ಳಿ ಸಾಕು.”

ಕೊನೆಯದಾಗಿ, ಕೆಲವೆಡೆ ಸಹಾಯದ ಹೆಸರಿನಲ್ಲಿ ನಡೆಯುವ ಸಂಗತಿಗಳು. ಸಮೀಕ್ಷೆಯ ದಿನ ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ‘ನಾಳೆ ಬರಬೇಡ’ ಎನ್ನುವುದು, ಜಾಣ ಮಗುವಿನ ಪಕ್ಕ ಕೂರಿಸುವುದು, ಉತ್ತರವನ್ನು ಕರಿಹಲಗೆಗೆ ತರುವುದು. ಪ್ರಶಿಕ್ಷಣಾರ್ಥಿಯಾಗಿ ನೀವು ಇದನ್ನು ತಡೆಯುವ ಸ್ಥಾನದಲ್ಲಿ ಇಲ್ಲದಿರಬಹುದು, ಆದರೆ ಅದಕ್ಕೆ ಕೈಜೋಡಿಸಬೇಕಾಗಿಲ್ಲ. ಅಂಥ ಸಂದರ್ಭ ಬಂದರೆ ಕಾಲೇಜಿನ ಮೇಲ್ವಿಚಾರಕರಿಗೆ ತಿಳಿಸಿ. ‘ಬರಬೇಡ’ ಎನ್ನಿಸಿಕೊಂಡ ಮಗುವೇ ಆ ಸಮೀಕ್ಷೆ ಎಣಿಸಬೇಕಾಗಿದ್ದ ಮಗು. ಅದು ಎಣಿಕೆಯಿಂದ ಹೊರಗುಳಿದರೆ ಅದಕ್ಕೆ ಬರಬೇಕಾದ ನೆರವೂ ಹೊರಗುಳಿಯುತ್ತದೆ.

ಅಭ್ಯಾಸದ ಅವಧಿ ಮುಗಿಸಿ ಹೊರಡುವ ಮುನ್ನ ತರಗತಿ ಶಿಕ್ಷಕರ ಕೈಗೆ ಎರಡು ಹಾಳೆ ಕೊಟ್ಟುಬನ್ನಿ. ಒಂದು, ಗೋಡೆಯ ಮೇಲಿನ ಪದಜೋಡಿಗಳ ಪಟ್ಟಿ. ಇನ್ನೊಂದು, ಯಾವ ಮಗು ಯಾವ ಬಗೆಯ ತಪ್ಪಿನಲ್ಲಿ ನಿಂತಿದೆ ಎಂಬ ಟಿಪ್ಪಣಿ: ಹೆಸರು, ಆರಿಸಿದ ಉತ್ತರ, ನೀವು ಮಾಡಿದ ಪರಿಹಾರ, ಬಾಕಿ ಉಳಿದದ್ದು. ಅಂಕಗಳನ್ನು ಅದರಲ್ಲಿ ಬರೆಯಬೇಡಿ. ಮುಂದಿನ ತಂಡದ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಬಂದಾಗ ಅಲ್ಲಿಂದಲೇ ಆರಂಭಿಸಬಹುದು.